ನಿಕಾನ್ ಡಿ850 ಅಥವಾ ಕ್ಯಾನನ್ 5ಡಿ ಮಾರ್ಕ್ 4: ಬಸದಿ, ಶಾಸನ, ಓಲೆಗರಿಗಳ ದಾಖಲೆಗೆ ಯಾವ ಕ್ಯಾಮೆರಾ?

ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ಬಸದಿಯ ಸಂಪೂರ್ಣ ಚಿತ್ರದಾಖಲೆ ಆಗಬೇಕು. ಭಂಡಾರದಲ್ಲಿರುವ ಓಲೆಕಟ್ಟುಗಳು ಹುಳು ಹಿಡಿದು ಹೋಗುವ ಮೊದಲು ಅವುಗಳ ಛಾಯಾಪ್ರತಿ ತೆಗೆಯಬೇಕು. ಊರಿನ ಪಂಚಕಲ್ಯಾಣ ಮಹೋತ್ಸವದ ಚಿತ್ರಗಳು ಮುಂದಿನ ಪೀಳಿಗೆಗೆ ಉಳಿಯಬೇಕು. ಈ ಮಾತುಗಳು ಈಗ ಅನೇಕ ಬಸದಿಗಳ ಆಡಳಿತ ಸಮಿತಿಗಳಲ್ಲಿ, ಯುವಕ ಮಂಡಳಿಗಳಲ್ಲಿ ಕೇಳಿಬರುತ್ತಿವೆ. ಕೆಲಸಕ್ಕೆ ಜನ ಸಿದ್ಧರಿರುತ್ತಾರೆ, ದಾನಿಗಳೂ ಮುಂದೆ ಬರುತ್ತಾರೆ. ಆದರೆ ಕ್ಯಾಮೆರಾ ಅಂಗಡಿಗೆ ಹೋಗುವ ಹೊತ್ತಿಗೆ ಒಬ್ಬರು ನಿಕಾನ್ ಎನ್ನುತ್ತಾರೆ, ಇನ್ನೊಬ್ಬರು ಕ್ಯಾನನ್ ಎನ್ನುತ್ತಾರೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಚಿತ್ರಕ್ಕೆ ಇಂದಿನ ಮೊಬೈಲ್ ಸಾಕು. ಆದರೆ ಸವೆದ ಶಾಸನದ ಅಕ್ಷರವನ್ನು ಹತ್ತು ವರ್ಷಗಳ ನಂತರ ವಿದ್ವಾಂಸರೊಬ್ಬರು ದೊಡ್ಡದು ಮಾಡಿ ಓದಬೇಕಾದರೆ ವೃತ್ತಿಪರ ಕ್ಯಾಮೆರಾ ಬೇಕು. ಈ ಲೇಖನದಲ್ಲಿ ಅಂಥ ಎರಡು ಕ್ಯಾಮೆರಾಗಳನ್ನು ನಮ್ಮ ಕೆಲಸದ ದೃಷ್ಟಿಯಿಂದ ಹೋಲಿಸಲಾಗಿದೆ: 2016ರ ಆಗಸ್ಟ್‌ನಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 4 ಮತ್ತು 2017ರ ಆಗಸ್ಟ್‌ನಲ್ಲಿ ಬಂದ ನಿಕಾನ್ ಡಿ850. ಶ್ರವಣಬೆಳಗೊಳದಲ್ಲಿ 2018ರ ಫೆಬ್ರುವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ವೃತ್ತಿಪರ ಡಿಎಸ್ಎಲ್‌ಆರ್ ಕೊಳ್ಳುವವರ ಮುಂದಿದ್ದ ಮುಖ್ಯ ಆಯ್ಕೆಗಳು ಇವೇ. ಆಮೇಲೆ ಮಾರುಕಟ್ಟೆ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿತು. ಅದರಿಂದಾಗಿ ಇವೆರಡೂ ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಮಿತಿಗಳ ಕೈಗೆಟಕುವಂತಾಗಿವೆ. ಚಿತ್ರದ ಗುಣಮಟ್ಟ ಮಾತ್ರ ಬಂದ ದಿನ ಎಷ್ಟಿತ್ತೋ ಇಂದೂ ಅಷ್ಟೇ ಇದೆ.

ಎರಡರ ಸಂಕ್ಷಿಪ್ತ ಪರಿಚಯ

ಎರಡೂ ಫುಲ್ ಫ್ರೇಮ್ ಕ್ಯಾಮೆರಾಗಳು. ಎಂದರೆ ಒಳಗಿರುವ ಸೆನ್ಸರ್ ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದು. ಎರಡೂ ಸೆಕೆಂಡಿಗೆ 7 ಚಿತ್ರ ತೆಗೆಯಬಲ್ಲವು. ಎರಡರಲ್ಲೂ ಎರಡೆರಡು ಕಾರ್ಡ್ ಹಾಕಬಹುದು. ವ್ಯತ್ಯಾಸಗಳು ಇಲ್ಲಿವೆ:

- ಚಿತ್ರದ ಅಳತೆ: ಡಿ850ರಲ್ಲಿ 45.7 ಮೆಗಾಪಿಕ್ಸೆಲ್ (8256 × 5504). 5ಡಿ ಮಾರ್ಕ್ 4ರಲ್ಲಿ 30.4 ಮೆಗಾಪಿಕ್ಸೆಲ್ (6720 × 4480).
- ಕನಿಷ್ಠ ಐಎಸ್ಒ: ಡಿ850ರಲ್ಲಿ 64, 5ಡಿಯಲ್ಲಿ 100.
- ಫೋಕಸ್ ಬಿಂದುಗಳು: ಡಿ850ರಲ್ಲಿ 153, 5ಡಿಯಲ್ಲಿ 61.
- ಪರದೆ: ಡಿ850ರದ್ದು ಮೇಲಕ್ಕೂ ಕೆಳಕ್ಕೂ ಓರೆಯಾಗುತ್ತದೆ. 5ಡಿಯದ್ದು ಕದಲುವುದಿಲ್ಲ. ಎರಡೂ ಟಚ್ ಸ್ಕ್ರೀನ್.
- ತೂಕ (ಬ್ಯಾಟರಿ, ಕಾರ್ಡ್ ಸಹಿತ): ಡಿ850 ಸುಮಾರು 1005 ಗ್ರಾಂ, 5ಡಿ ಸುಮಾರು 890 ಗ್ರಾಂ.
- ಒಂದು ಚಾರ್ಜಿಗೆ ಚಿತ್ರಗಳು (ತಯಾರಕರ ಮಾನಕ ಲೆಕ್ಕ): ಡಿ850ರಲ್ಲಿ 1840, 5ಡಿಯಲ್ಲಿ 900.
- ಜಿಪಿಎಸ್: 5ಡಿಯ ಒಳಗೇ ಇದೆ. ಡಿ850ಕ್ಕೆ ಮೊಬೈಲ್ ಜೋಡಿಸಿ ಪಡೆಯಬೇಕು.

ಈ ಪಟ್ಟಿಯನ್ನು ಮಾತ್ರ ನೋಡಿದರೆ ಡಿ850 ಮುಂದಿದೆ ಎನಿಸುತ್ತದೆ. ಆದರೆ ದಾಖಲೆಯ ಕೆಲಸ ಎಂದರೆ ಒಂದೇ ಬಗೆಯ ಕೆಲಸವಲ್ಲ. ಕದಲದ ಓಲೆಗರಿ, ಕಲ್ಲಿನ ಶಾಸನ ಒಂದು ಕಡೆ. ಚಲಿಸುವ ರಥ, ಅಭಿಷೇಕ, ಪ್ರವಚನ ಇನ್ನೊಂದು ಕಡೆ. ನಿಮ್ಮಲ್ಲಿ ಯಾವುದು ಹೆಚ್ಚು ಎಂಬುದೇ ಆಯ್ಕೆಯನ್ನು ನಿರ್ಧರಿಸಬೇಕು.

ಓಲೆಗರಿ: ಲೆಕ್ಕವೇ ಉತ್ತರ ಹೇಳುತ್ತದೆ

ಮೂಡಬಿದಿರೆಯ ಧವಲ ಗ್ರಂಥಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಹೆಸರಿಲ್ಲದ ಎಷ್ಟೋ ಓಲೆಕಟ್ಟುಗಳು ಮನೆಗಳ ಪೆಟ್ಟಿಗೆಗಳಲ್ಲಿ, ಸಣ್ಣ ಬಸದಿಗಳ ಕಪಾಟುಗಳಲ್ಲಿ ಇವೆ. ಅವುಗಳನ್ನು ಮತ್ತೆ ಮತ್ತೆ ಬಿಚ್ಚಿ ಮುಟ್ಟುವಂತಿಲ್ಲ. ಒಮ್ಮೆ ಬಿಚ್ಚಿದಾಗಲೇ ಸರಿಯಾದ ಚಿತ್ರ ಸಿಗಬೇಕು.

ಹಸ್ತಪ್ರತಿಗಳ ಡಿಜಿಟಲೀಕರಣದಲ್ಲಿ ಮೂಲದ ಪ್ರತಿ ಇಂಚಿಗೆ 300 ಪಿಕ್ಸೆಲ್ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಕನಿಷ್ಠ ಮಟ್ಟ. ಲೆಕ್ಕ ಸುಲಭ: ಚಿತ್ರದ ಅಗಲದ ಪಿಕ್ಸೆಲ್ ಸಂಖ್ಯೆಯನ್ನು ಚೌಕಟ್ಟಿನಲ್ಲಿ ಕಾಣುವ ಇಂಚುಗಳಿಂದ ಭಾಗಿಸಿ.

18 ಇಂಚು ಉದ್ದದ ಗರಿ ಎಂದುಕೊಳ್ಳಿ. ಎರಡೂ ತುದಿಗೆ ಒಂದೊಂದು ಇಂಚು ಜಾಗ ಬಿಟ್ಟರೆ ಚೌಕಟ್ಟು 20 ಇಂಚು. ಡಿ850ರಲ್ಲಿ ಇಂಚಿಗೆ 412 ಪಿಕ್ಸೆಲ್, 5ಡಿಯಲ್ಲಿ 336. ಎರಡೂ ತೇರ್ಗಡೆ. ಆದರೆ ಶ್ರೀತಾಳೆಯ ಗರಿಗಳು ಎರಡು ಅಡಿ ಮುಟ್ಟುವುದುಂಟು. 24 ಇಂಚಿನ ಗರಿಗೆ ಚೌಕಟ್ಟು 26 ಇಂಚಾದರೆ ಡಿ850ರಲ್ಲಿ 317, 5ಡಿಯಲ್ಲಿ 258. ಅಲ್ಲಿ 5ಡಿ ಗೆರೆಯ ಕೆಳಗೆ ಇಳಿಯುತ್ತದೆ. ಒಟ್ಟಿನಲ್ಲಿ 20 ಇಂಚಿನವರೆಗಿನ ಗರಿಗಳಿಗೆ ಎರಡರಲ್ಲಿ ಯಾವುದಾದರೂ ಸಾಕು. ಅದಕ್ಕಿಂತ ಉದ್ದದವು ಹೆಚ್ಚಿದ್ದರೆ ಡಿ850 ಬೇಕು. ಇಲ್ಲವಾದರೆ ಪ್ರತಿ ಗರಿಯನ್ನೂ ಎರಡು ಭಾಗವಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಮೈಮೇಲೆ ಬರುತ್ತದೆ. 200 ಗರಿಯ ಕಟ್ಟಿಗೆ, ಎರಡೂ ಬದಿ ಸೇರಿ, ಅದು 800 ಚಿತ್ರವಾಗುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅಳತೆಪಟ್ಟಿ ಹಿಡಿದು ಭಂಡಾರಕ್ಕೆ ಹೋಗುವುದು ಒಳ್ಳೆಯದು.

ಗರಿಯನ್ನು ಮೇಜಿನ ಮೇಲೆ ಇಟ್ಟು ಕ್ಯಾಮೆರಾವನ್ನು ನೇರ ಕೆಳಮುಖವಾಗಿ ನಿಲ್ಲಿಸಬೇಕಾಗುತ್ತದೆ. ಆಗ ಡಿ850ರ ಓರೆಯಾಗುವ ಪರದೆ ಬಹಳ ಅನುಕೂಲ. 5ಡಿಯಲ್ಲಿ ಈ ತೊಡಕನ್ನು ಲ್ಯಾಪ್‌ಟಾಪಿಗೆ ಕೇಬಲ್ ಜೋಡಿಸಿ ನೀಗಿಸಬಹುದು. ಅದಕ್ಕೆ ಬೇಕಾದ ಇಒಎಸ್ ಯುಟಿಲಿಟಿ ತಂತ್ರಾಂಶವನ್ನು ಕ್ಯಾನನ್ ಉಚಿತವಾಗಿ ಕೊಡುತ್ತದೆ. ಚಿತ್ರ ದೊಡ್ಡ ಪರದೆಯಲ್ಲಿ ಕಾಣುವುದರಿಂದ ಫೋಕಸ್ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಯಾವ ಕ್ಯಾಮೆರಾ ಆದರೂ ಈ ಪದ್ಧತಿಯೇ ಉತ್ತಮ.

ಓಲೆಗರಿಗಳಿಗೆ ಬಿಸಿಯಾಗುವ ಹ್ಯಾಲೊಜೆನ್ ದೀಪ ಬೇಡ. ಎರಡು ಬದಿಯಿಂದ ಎಲ್ಇಡಿ ಬೆಳಕು ಸಾಕು. ಗರಿಯ ಪಕ್ಕದಲ್ಲಿ ಒಂದು ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡ್ ಇಡಿ. ಮುಂದೆ ನೋಡುವವರಿಗೆ ನಿಜವಾದ ಗಾತ್ರ, ನಿಜವಾದ ಬಣ್ಣ ತಿಳಿಯಲು ಅವೇ ಆಧಾರ.

ಶಾಸನ ಮತ್ತು ಶಿಲ್ಪ

ಶಾಸನದ ವಿಷಯದಲ್ಲಿ ಕ್ಯಾಮೆರಾಗಿಂತ ಬೆಳಕು ಮುಖ್ಯ. ಚಂದ್ರಗಿರಿಯ ಬಂಡೆಯ ಮೇಲಿನ ಸವೆದ ಅಕ್ಷರಗಳು ನಡುಹಗಲಿನ ಬಿಸಿಲಲ್ಲಿ ಕಾಣುವುದೇ ಇಲ್ಲ. ಅದೇ ಬಂಡೆಯ ಮೇಲೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಿದ್ದಾಗ ಪ್ರತಿ ಗೆರೆಯಲ್ಲೂ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ. ಒಳಗಿರುವ ಶಾಸನಕ್ಕೆ ಒಂದು ದೀಪವನ್ನು ಕಲ್ಲಿನ ಮೈಗೆ ಬಹುತೇಕ ಸಮಾನಾಂತರವಾಗಿ ಬದಿಯಿಂದ ಹಿಡಿಯಬೇಕು. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆದರೆ ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ. ಅಕ್ಷರ ಎದ್ದು ಕಾಣಲೆಂದು ಸುಣ್ಣದಪುಡಿ, ಹಿಟ್ಟು, ಎಣ್ಣೆ ಹಚ್ಚುವ ರೂಢಿ ಕೆಲವೆಡೆ ಇನ್ನೂ ಇದೆ. ಅದು ಕಲ್ಲಿಗೆ ಹಾನಿ. ಒಳ್ಳೆಯ ಓರೆ ಬೆಳಕಿದ್ದರೆ ಅದರ ಅಗತ್ಯವೂ ಇಲ್ಲ.

ಇಷ್ಟು ಮಾಡಿದ ಮೇಲೆ ಹೆಚ್ಚಿನ ಮೆಗಾಪಿಕ್ಸೆಲ್ ಪ್ರಯೋಜನಕ್ಕೆ ಬರುತ್ತದೆ. ಆರಡಿ ಎತ್ತರದ ಶಾಸನಕಲ್ಲನ್ನು ಒಂದೇ ಚಿತ್ರದಲ್ಲಿ ತೆಗೆದು ನಂತರ ಸಾಲು ಸಾಲಾಗಿ ಓದುವಾಗ ಡಿ850ರ ಚಿತ್ರದಲ್ಲಿ ಹೆಚ್ಚು ವಿವರ ಸಿಗುತ್ತದೆ. ಆದರೆ ಕಲ್ಲನ್ನು ನಾಲ್ಕು ಭಾಗ ಮಾಡಿ ಹತ್ತಿರದಿಂದ ತೆಗೆದ 5ಡಿಯ ಚಿತ್ರಗಳು ದೂರದಿಂದ ತೆಗೆದ ಡಿ850ರ ಒಂದು ಚಿತ್ರಕ್ಕಿಂತ ಖಂಡಿತ ಮೇಲು.

ಆಳವಾದ ಕೆತ್ತನೆಯ ಶಿಲ್ಪಗಳಿಗೆ ಡಿ850ರಲ್ಲಿ ಒಂದು ವಿಶೇಷ ಸೌಲಭ್ಯವಿದೆ. ಫೋಕಸನ್ನು ತಾನೇ ಸ್ವಲ್ಪ ಸ್ವಲ್ಪ ಸರಿಸುತ್ತಾ 300 ಚಿತ್ರಗಳವರೆಗೆ ತೆಗೆಯುತ್ತದೆ. ಅವುಗಳನ್ನು ತಂತ್ರಾಂಶದಲ್ಲಿ ಸೇರಿಸಿದರೆ ಮುಂಭಾಗದಿಂದ ಹಿಂಭಾಗದವರೆಗೆ ಎಲ್ಲವೂ ಸ್ಪಷ್ಟ. 5ಡಿಯಲ್ಲಿ ಇದನ್ನು ಕೈಯಿಂದಲೇ ಮಾಡಬೇಕು.

ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳನ್ನು ತೆಗೆಯುವವರಿಗೆ ಇನ್ನೊಂದು ಮಾತು. ಹೊಳಪಿನ ಕಲ್ಲಿನ ಪ್ರತಿಫಲನವನ್ನು ಪೋಲರೈಜರ್ ಫಿಲ್ಟರ್ ಬಹುಮಟ್ಟಿಗೆ ತಗ್ಗಿಸುತ್ತದೆ. ಲೋಹದ ಬಿಂಬಗಳ ಮೇಲೆ ಮಾತ್ರ ಅದರ ಆಟ ನಡೆಯುವುದಿಲ್ಲ. ಅಲ್ಲಿ ದೀಪದ ಮುಂದೆ ಬಿಳಿ ಬಟ್ಟೆ ಹಿಡಿದು ಬೆಳಕನ್ನು ಮೃದು ಮಾಡಬೇಕು.

ಬಸದಿಯ ಒಳಗಿನ ಮಂದ ಬೆಳಕು

ಹೊರಗೆ ಬಿಸಿಲು, ನವರಂಗದಲ್ಲಿ ಅರೆಗತ್ತಲೆ, ಗರ್ಭಗೃಹದಲ್ಲಿ ದೀಪದ ಬೆಳಕು. ಮೂರೂ ಒಂದೇ ಚಿತ್ರದಲ್ಲಿ ಬರಬೇಕಾದಾಗ ಕ್ಯಾಮೆರಾಗೆ ನಿಜವಾದ ಪರೀಕ್ಷೆ. ಐಎಸ್ಒ 64ರಲ್ಲಿ ಡಿ850 ಕತ್ತಲೆ ಮತ್ತು ಬೆಳಕಿನ ಅಂತರವನ್ನು 5ಡಿಗಿಂತ ಸುಮಾರು ಒಂದು ಸ್ಟಾಪ್ ಹೆಚ್ಚು ಹಿಡಿಯುತ್ತದೆ. ನೆರಳಿನ ಭಾಗವನ್ನು ನಂತರ ಬೆಳಗಿಸಿದಾಗ ಕಾಳುಕಾಳಾಗುವುದು ಕಡಿಮೆ.

ಆದರೆ ಈ ಲಾಭ ಸಿಗುವುದು ಟ್ರೈಪಾಡ್ ಇದ್ದಾಗ ಮಾತ್ರ. ಐಎಸ್ಒ 64ರಲ್ಲಿ ಅರೆಗತ್ತಲೆಯ ಚಿತ್ರಕ್ಕೆ ಹಲವು ಸೆಕೆಂಡು ಬೇಕಾಗುತ್ತದೆ. ಕೈಯಲ್ಲಿ ಹಿಡಿದು ಐಎಸ್ಒ 3200ರಲ್ಲಿ ತೆಗೆಯುವುದಾದರೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಬದಲಿಗೆ 45 ಮೆಗಾಪಿಕ್ಸೆಲ್ ಚಿತ್ರದಲ್ಲಿ ಕೈ ನಡುಕ ಇನ್ನಷ್ಟು ಎದ್ದು ಕಾಣುತ್ತದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು ಎಂಬುದನ್ನೂ ಗಮನದಲ್ಲಿಡಿ. ಅನುಮತಿ ಸಿಗದ ಕಡೆಯೇ ನಿಮ್ಮ ಕೆಲಸ ಹೆಚ್ಚಿದ್ದರೆ ಡಿ850ಕ್ಕೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಉತ್ಸವ, ಅಭಿಷೇಕ, ಪ್ರವಚನ

ಸ್ಥಿರಚಿತ್ರಕ್ಕೆ ಇಲ್ಲಿಯೂ ಎರಡೂ ಸಮರ್ಥ. ರಥ ಎಳೆಯುವಾಗ, ಕಲಶ ಎತ್ತುವಾಗ ಫೋಕಸ್ ಬೆನ್ನಟ್ಟುವುದರಲ್ಲಿ ಡಿ850 ಸ್ವಲ್ಪ ಮುಂದು. ಬ್ಯಾಟರಿಯೂ ಬೆಳಗಿನಿಂದ ಸಂಜೆವರೆಗೆ ಬರುತ್ತದೆ. 5ಡಿ ಇದ್ದವರು ಇನ್ನೊಂದು ಬ್ಯಾಟರಿ ಜೇಬಿನಲ್ಲಿಟ್ಟುಕೊಳ್ಳಬೇಕು.

ವಿಡಿಯೊದಲ್ಲಿ ಸ್ಥಿತಿ ಬದಲಾಗುತ್ತದೆ. 5ಡಿಯ ಡ್ಯುಯಲ್ ಪಿಕ್ಸೆಲ್ ಆಟೋಫೋಕಸ್ ಮಾತನಾಡುವವರ ಮುಖವನ್ನು ಹಿಡಿದು ನಯವಾಗಿ ಹಿಂಬಾಲಿಸುತ್ತದೆ. ಡಿ850 ವಿಡಿಯೊ ತೆಗೆಯುವಾಗ ಫೋಕಸಿಗಾಗಿ ಹಿಂದೆ ಮುಂದೆ ತಡಕಾಡುತ್ತದೆ, ಅದು ಚಿತ್ರದಲ್ಲಿ ಕಾಣುತ್ತದೆ. ಅನುಭವಿ ಛಾಯಾಗ್ರಾಹಕರು ಕೈಯಿಂದ ಫೋಕಸ್ ಮಾಡಿಯಾರು. ಸಮಿತಿಯ ಸ್ವಯಂಸೇವಕರಿಗೆ ಅದು ಕಷ್ಟ. ಪ್ರವಚನ, ಪೂಜೆಗಳ ವಿಡಿಯೊ ನಿಮ್ಮ ಮುಖ್ಯ ಕೆಲಸವಾದರೆ 5ಡಿಯೇ ಸರಿ.

ಒಂದು ಎಚ್ಚರಿಕೆ: 5ಡಿಯ 4ಕೆ ವಿಡಿಯೊ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುತ್ತದೆ. 24 ಎಂಎಂ ಲೆನ್ಸ್ ಸುಮಾರು 40 ಎಂಎಂನಷ್ಟು ಕಿರಿದಾಗಿ ಕಾಣುತ್ತದೆ. ಸಣ್ಣ ಬಸದಿಯೊಳಗೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಮೇಲಾಗಿ 64 ಜಿಬಿ ಕಾರ್ಡ್ ಸುಮಾರು 17 ನಿಮಿಷಕ್ಕೆ ತುಂಬಿಹೋಗುತ್ತದೆ. ಡಿ850 ಸೆನ್ಸರಿನ ಪೂರ್ತಿ ಅಗಲದಲ್ಲಿ 4ಕೆ ಕೊಡುತ್ತದೆ, ಅದೇ ಕಾರ್ಡ್ ಒಂದು ಗಂಟೆಯ ಹತ್ತಿರ ಬರುತ್ತದೆ. ಯೂಟ್ಯೂಬಿಗೆ ಹಾಕುವ ಪ್ರವಚನಕ್ಕೆ ಫುಲ್ ಎಚ್‌ಡಿ ಸಾಕು. 5ಡಿಯಲ್ಲಿ ಅದನ್ನೇ ಬಳಸಿ.

ಸದ್ದಿನ ವಿಷಯವೂ ಇದೆ. ಪೂಜ್ಯ ಮುನಿಗಳ ಸಾಮಾಯಿಕದ ವೇಳೆ, ಆಹಾರದ ವೇಳೆ ಶಟರಿನ ಟಕಟಕ ಸದ್ದು ಸಲ್ಲದು. ಡಿ850ರ ಲೈವ್ ವ್ಯೂನಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಸದ್ದೇ ಇರುವುದಿಲ್ಲ. ಆದರೆ ಎಲ್ಇಡಿ ದೀಪಗಳ ಕೆಳಗೆ ಪಟ್ಟೆಗಳು ಮೂಡಬಹುದು, ಮೊದಲೇ ಪರೀಕ್ಷಿಸಿಕೊಳ್ಳಿ. 5ಡಿಯ ಸೈಲೆಂಟ್ ಮೋಡ್‌ನಲ್ಲಿ ಸದ್ದು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಫ್ಲ್ಯಾಶ್ ಅಂತೂ ಎರಡರಲ್ಲೂ ಬೇಡ. ಮೂಲನಾಯಕನ ಚಿತ್ರ ತೆಗೆಯುವ ಮೊದಲು ಅರ್ಚಕರನ್ನೂ ಸಮಿತಿಯವರನ್ನೂ ಕೇಳಿ. ಕ್ಯಾಮೆರಾದ ಕೊರಳಪಟ್ಟಿ, ಚೀಲಗಳು ಚರ್ಮದ್ದಾಗಿದ್ದರೆ ನೈಲಾನ್ ಅಥವಾ ಬಟ್ಟೆಯದಕ್ಕೆ ಬದಲಾಯಿಸಿಕೊಳ್ಳಿ.

ಅಭಿಷೇಕದ ಹಾಲು, ಕಬ್ಬಿನ ರಸ, ಅರಿಸಿನ ನೀರು ಗಾಳಿಯಲ್ಲಿ ಸಿಡಿದು ಕ್ಯಾಮೆರಾ ಮೇಲೆ ಬೀಳುತ್ತವೆ. ಎರಡೂ ಕ್ಯಾಮೆರಾಗಳಿಗೆ ತುಂತುರು ತಡೆಯುವ ಸೀಲಿಂಗ್ ಇದೆ. ಆದರೆ ಲೆನ್ಸಿಗೂ ರಬ್ಬರ್ ಅಂಚು ಇದ್ದರೆ ಮಾತ್ರ ಅದು ಪೂರ್ಣ. ಒಂದು ಮಳೆಹೊದಿಕೆ ಹಾಕುವುದೇ ಜಾಣತನ. ಇನ್ನು ತೂಕ: 115 ಗ್ರಾಂ ವ್ಯತ್ಯಾಸ ಅಂಗಡಿಯಲ್ಲಿ ಏನೂ ಅಲ್ಲ. ಬರಿಗಾಲಲ್ಲಿ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗ ಲೆನ್ಸಿನ ತೂಕದ ಜೊತೆ ಸೇರಿ ಗೊತ್ತಾಗುತ್ತದೆ.

ಸ್ಥಳದ ಗುರುತು: ಉಪಯೋಗವೂ ಅಪಾಯವೂ

ಹತ್ತಾರು ಹಳ್ಳಿಗಳನ್ನು ಸುತ್ತಿ ಪಾಳುಬಸದಿಗಳ, ನಿಷಿಧಿ ಕಲ್ಲುಗಳ ಸಮೀಕ್ಷೆ ಮಾಡುವವರಿಗೆ 5ಡಿಯ ಒಳಗಿನ ಜಿಪಿಎಸ್ ದೊಡ್ಡ ವರ. ಯಾವ ಕಲ್ಲು ಯಾವ ಹೊಲದಲ್ಲಿತ್ತು ಎಂಬುದು ಚಿತ್ರದ ಜೊತೆಯಲ್ಲೇ ದಾಖಲಾಗುತ್ತದೆ.

ಆದರೆ ಅದೇ ಚಿತ್ರವನ್ನು ಹಾಗೆಯೇ ಅಂತರ್ಜಾಲಕ್ಕೆ ಹಾಕಿದರೆ, ಕಾವಲಿಲ್ಲದ ಬಸದಿಯ ಬಿಂಬ ಎಲ್ಲಿದೆ ಎಂದು ಕಳ್ಳರಿಗೂ ತಿಳಿಯುತ್ತದೆ. ಮೂಲ ಕಡತದಲ್ಲಿ ಸ್ಥಳದ ಗುರುತು ಇರಲಿ. ಹಂಚುವ ಪ್ರತಿಯಿಂದ ಅದನ್ನು ತೆಗೆದುಹಾಕಿ. ಬಿಂಬವೇನಾದರೂ ಕಳವಾದರೆ, ಎಲ್ಲ ಬದಿಯಿಂದ ಅಳತೆಪಟ್ಟಿ ಸಹಿತ ತೆಗೆದ ಚಿತ್ರವೇ ಅದನ್ನು ಗುರುತಿಸಲು ಸಮಿತಿಯ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ. ಪೀಠದ ಮೇಲಿನ ಬರಹವನ್ನೂ ಬೆನ್ನಿನ ಭಾಗವನ್ನೂ ಮರೆಯದೆ ತೆಗೆಯಿರಿ.

ಲೆನ್ಸ್ ಮೊದಲು, ಕ್ಯಾಮೆರಾ ನಂತರ

ಮಂಡಳಿಯಲ್ಲಿ ಯಾರ ಬಳಿಯಾದರೂ ಈಗಾಗಲೇ ಒಂದು ಕಂಪನಿಯ ಒಳ್ಳೆಯ ಫುಲ್ ಫ್ರೇಮ್ ಲೆನ್ಸ್‌ಗಳಿದ್ದರೆ ಅಲ್ಲಿಗೆ ಅರ್ಧ ಚರ್ಚೆ ಮುಗಿಯಿತು. ಒಂದರ ಲೆನ್ಸ್ ಇನ್ನೊಂದಕ್ಕೆ ಕೂರುವುದಿಲ್ಲ. ನಿಕಾನ್‌ನ ಎಫ್ ಮೌಂಟ್ 1959ರಿಂದ, ಕ್ಯಾನನ್‌ನ ಇಎಫ್ ಮೌಂಟ್ 1987ರಿಂದ ಇರುವುದರಿಂದ ಎರಡಕ್ಕೂ ಹಳೆಯ ಲೆನ್ಸ್‌ಗಳು ಧಾರಾಳ. ಮುಂದೆ ಅದೇ ಕಂಪನಿಯ ಮಿರರ್‌ಲೆಸ್ ಕ್ಯಾಮೆರಾ ಕೊಂಡರೂ ಅಡಾಪ್ಟರ್ ಹಾಕಿ ಇವನ್ನು ಬಳಸಬಹುದು. ಡಿ850ರೊಳಗೆ ಮೋಟಾರ್ ಇರುವುದರಿಂದ ಹಳೆಯ ಎಎಫ್-ಡಿ ಲೆನ್ಸ್‌ಗಳೂ ಆಟೋಫೋಕಸ್ ಆಗುತ್ತವೆ. ನಿಕಾನ್‌ನ ಎಫ್‌ಟಿಝೆಡ್ ಅಡಾಪ್ಟರಿನಲ್ಲಿ ಅವು ಆಗುವುದಿಲ್ಲ.

ಓಲೆಗರಿಗೆ, ಶಾಸನದ ವಿವರಕ್ಕೆ ಒಂದು ಮ್ಯಾಕ್ರೊ ಲೆನ್ಸ್ ಬೇಕು: ನಿಕಾನ್‌ನಲ್ಲಿ 60 ಅಥವಾ 105 ಎಂಎಂ, ಕ್ಯಾನನ್‌ನಲ್ಲಿ 100 ಎಂಎಂ. ಮಾನಸ್ತಂಭ, ಎತ್ತರದ ಕಂಬಗಳು ಹಿಂದಕ್ಕೆ ವಾಲಿದಂತೆ ಕಾಣದೆ ನೆಟ್ಟಗೆ ಬರಬೇಕಾದರೆ ಟಿಲ್ಟ್-ಶಿಫ್ಟ್ ಲೆನ್ಸ್ ಬೇಕು. ಕ್ಯಾನನ್‌ನಲ್ಲಿ 17 ಮತ್ತು 24 ಎಂಎಂ, ನಿಕಾನ್‌ನಲ್ಲಿ 19 ಮತ್ತು 24 ಎಂಎಂ ಇವೆ. ಇವು ದುಬಾರಿ, ಬಾಡಿಗೆಗೆ ಪಡೆಯುವುದು ಲೇಸು. ಇರುವ ಹಣವನ್ನೆಲ್ಲ ಕ್ಯಾಮೆರಾಗೆ ಸುರಿದು ಅಗ್ಗದ ಜೂಮ್ ಲೆನ್ಸ್ ಹಾಕಿದರೆ 45 ಮೆಗಾಪಿಕ್ಸೆಲ್‌ನ ಪ್ರಯೋಜನ ಸಿಗುವುದಿಲ್ಲ. ಟ್ರೈಪಾಡ್, ಎರಡು ದೀಪ, ಬಣ್ಣದ ಕಾರ್ಡ್, ಹಾರ್ಡ್‌ಡಿಸ್ಕ್‌ಗಳಿಗೆ ಮೊದಲೇ ಹಣ ತೆಗೆದಿರಿಸಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ

- ಶಟರ್ ಎಷ್ಟು ಬಾರಿ ಓಡಿದೆ ಎಂದು ನೋಡಿ. ಡಿ850ರ ಶಟರನ್ನು 2 ಲಕ್ಷ, 5ಡಿಯದನ್ನು 1.5 ಲಕ್ಷ ಬಾರಿಗೆ ಪರೀಕ್ಷಿಸಲಾಗಿದೆ. ನಿಕಾನ್‌ನಲ್ಲಿ ಚಿತ್ರದ ಕಡತದಲ್ಲೇ ಈ ಸಂಖ್ಯೆ ಇರುತ್ತದೆ. 5ಡಿಗೆ ಬೇರೆ ತಂತ್ರಾಂಶ ಅಥವಾ ಸರ್ವಿಸ್ ಸೆಂಟರ್ ಬೇಕು.
- ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯೇ ನೋಡಿ. ಕರಾವಳಿಯ ಮಳೆಗಾಲದಲ್ಲಿ ಇದು ಬಹಳ ಸಾಮಾನ್ಯ. ಕೊಂಡ ಮೇಲೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.
- ಕಾರ್ಡಿನ ಬೆಲೆ ಸೇರಿಸಿ ಲೆಕ್ಕ ಹಾಕಿ. ಡಿ850ಕ್ಕೆ ಒಂದು ಎಕ್ಸ್‌ಕ್ಯೂಡಿ, ಒಂದು ಎಸ್‌ಡಿ. ಹೊಸ ಫರ್ಮ್‌ವೇರ್ ಹಾಕಿದರೆ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡೂ ನಡೆಯುತ್ತದೆ. 5ಡಿಗೆ ಒಂದು ಸಿಎಫ್, ಒಂದು ಎಸ್‌ಡಿ.
- ಬಿಲ್ಲು ಮತ್ತು ಸೀರಿಯಲ್ ಸಂಖ್ಯೆ ತಾಳೆಯಾಗಬೇಕು. ದಾನದ ಹಣದಿಂದ ಕೊಳ್ಳುವಾಗ ರಸೀದಿಯಿಲ್ಲದ ವ್ಯವಹಾರ ಬೇಡ.

ತೆಗೆದ ಚಿತ್ರ ಉಳಿಯಬೇಕು

1000 ರಾ ಚಿತ್ರಗಳಿಗೆ ಡಿ850ರಲ್ಲಿ ಸುಮಾರು 52 ಜಿಬಿ, 5ಡಿಯಲ್ಲಿ ಸುಮಾರು 37 ಜಿಬಿ ಬೇಕು. ಮೂರು ಪ್ರತಿ ಇಡುವುದು ಕ್ರಮ: ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ, ಒಂದು ಬೇರೆ ಊರಿನಲ್ಲಿ. ಕಡತದ ಹೆಸರಿನಲ್ಲಿ ಊರು, ಬಸದಿ, ದಿನಾಂಕ, ಗರಿಯ ಸಂಖ್ಯೆ ಇರಲಿ. ಹೆಸರಿಲ್ಲದ ಸಾವಿರ ಚಿತ್ರಗಳು ಗರಿ ಬೆರೆತ ಓಲೆಕಟ್ಟಿನಷ್ಟೇ ತೊಂದರೆ ಕೊಡುತ್ತವೆ.

ಹಾಗಾದರೆ ಯಾವುದು?

ಉದ್ದದ ಓಲೆಗರಿಗಳು, ಶಾಸನ, ಶಿಲ್ಪಗಳ ದಾಖಲೆ ಮುಖ್ಯವಾಗಿದ್ದು, ಟ್ರೈಪಾಡ್ ಹಾಕಿ ನಿಧಾನವಾಗಿ ಕೆಲಸ ಮಾಡುವವರಿದ್ದರೆ ನಿಕಾನ್ ಡಿ850. ಪ್ರವಚನ, ಪೂಜೆ, ಉತ್ಸವಗಳ ವಿಡಿಯೊ ಜೊತೆಗೆ ಊರೂರು ಸುತ್ತುವ ಸಮೀಕ್ಷೆ ಮುಖ್ಯವಾದರೆ ಕ್ಯಾನನ್ 5ಡಿ ಮಾರ್ಕ್ 4. ಎರಡೂ ಸಮನಾಗಿದ್ದರೆ ಯಾವ ಕಂಪನಿಯ ಲೆನ್ಸ್ ಕೈಯಲ್ಲಿದೆಯೋ ಅದು. ಭಂಡಾರದಲ್ಲಿರುವುದು ಒಂದೇ ಒಂದು ಕಟ್ಟಾದರೆ ಕೊಳ್ಳುವುದೇ ಬೇಡ, ಎರಡು ದಿನಕ್ಕೆ ಬಾಡಿಗೆಗೆ ತಂದರೆ ಸಾಕು.

ಆಯ್ಕೆಯ ಚರ್ಚೆಯಲ್ಲಿ ಇನ್ನೊಂದು ಮಳೆಗಾಲ ಕಳೆಯುವುದಕ್ಕಿಂತ ಎರಡರಲ್ಲಿ ಒಂದನ್ನು ತಂದು ಮೊದಲ ಕಟ್ಟನ್ನು ಬಿಚ್ಚುವುದು ಮೇಲು.